ಸೀಲಿಂಗ್ ಕೆರೆಯುವ ಮುಂಚೆ ಟೆಸ್ಟ್ ಮಾಡಿಸಿದಿರಾ?

ನವೆಂಬರ್ ಬಂತು ಅಂದರೆ ನನಗೆ ಬರುವ ಪತ್ರಗಳಲ್ಲಿ ಅರ್ಧ ಒಂದೇ ಪ್ರಶ್ನೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ನಾಲ್ಕು ದಿನ ರಜಾ ಸಿಗುತ್ತೆ, ಸೀಲಿಂಗ್ ಮೇಲಿನ ಪಾಪ್‌ಕಾರ್ನ್, ಅಂದರೆ ಅರಳಿನ ಹಾಗೆ ಕಾಣುವ ಉಬ್ಬುತಗ್ಗು ಲೇಪ, ಕೆರೆದು ಹಾಕೋಣ ಅಂತಿದ್ದೇವೆ, ಹೇಗೆ ಮಾಡೋದು? ಹೋದ ವರ್ಷವೂ ಉತ್ತರ ಬರೆದಿದ್ದೆ, ಅದರ ಹಿಂದಿನ ವರ್ಷವೂ ಬರೆದಿದ್ದೆ. ಈ ಸಲ ಸ್ವಲ್ಪ ಗಡುಸಾಗಿಯೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಏಣಿ ಹೇಗೆ ಹತ್ತಬೇಕು, ಸೋಫಾ ಯಾಕೆ ಆಚೆ ಇಡಬೇಕು ಅನ್ನುವುದನ್ನೆಲ್ಲ ಬಿಟ್ಟಿದ್ದೇನೆ. ಅಷ್ಟು ನಿಮಗೇ ಗೊತ್ತು.

ಈ ಸಲದ ಪತ್ರ: ನಾವು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ 1974ರ ಮನೆ ತಗೊಂಡಿದ್ದೇವೆ. ಹಾಲ್ ಮತ್ತು ಮೂರು ಬೆಡ್‌ರೂಮ್‌ಗಳಲ್ಲಿ ಪಾಪ್‌ಕಾರ್ನ್ ಸೀಲಿಂಗ್ ಇದೆ. ಸಂಕ್ರಾಂತಿ ಕಳೆದ ಮೇಲೆ ಗೃಹಪ್ರವೇಶ. ಸ್ನೇಹಿತರು ಅವರ ಮನೆಯದನ್ನು ನೀರು ಹೊಡೆದು ಒಂದೇ ವೀಕೆಂಡ್‌ನಲ್ಲಿ ಕೆರೆದರು. ನಮ್ಮ ಇನ್‌ಸ್ಪೆಕ್ಷನ್ ರಿಪೋರ್ಟ್‌ನಲ್ಲಿ ಏನೂ ತೊಂದರೆ ಬರೆದಿಲ್ಲ. ನಾನೂ ಯಜಮಾನರೂ ಸೇರಿ ಮಾಡಬಹುದಾ ಸರ್? ಯಾವ ಸ್ಕ್ರೇಪರ್ ಒಳ್ಳೆಯದು?

ಸ್ಕ್ರೇಪರ್ ವಿಷಯ ಆಮೇಲೆ. ಮನೆ 1974ರದ್ದು ಅಂದಿರಲ್ಲ, ಮೊದಲು ಅದರ ಬಗ್ಗೆ ಮಾತಾಡೋಣ.

1950ರ ದಶಕದಿಂದ 80ರ ದಶಕದವರೆಗೆ ಅಮೆರಿಕದ ಮನೆಗಳ ಸೀಲಿಂಗ್‌ಗೆ ಈ ಗುಳ್ಳೆ ಗುಳ್ಳೆ ಮಾಲು ಹೊಡೆದರು. ಶಬ್ದ ಹೀರಿಕೊಳ್ಳುತ್ತೆ ಅಂತ ಹೇಳಿ ಮಾರಿದರು. ಸ್ವಲ್ಪ ಹೀರಿಕೊಳ್ಳುತ್ತೆ, ಸುಳ್ಳಲ್ಲ. ಆದರೆ ಬಿಲ್ಡರ್‌ಗಳಿಗೆ ಅದು ಇಷ್ಟವಾಗಿದ್ದು ಬೇರೆ ಕಾರಣಕ್ಕೆ. ಡ್ರೈವಾಲ್, ಅಂದರೆ ಕಾಗದ ಅಂಟಿಸಿದ ಜಿಪ್ಸಮ್ ಹಲಗೆಗಳ ಸಂದು ತುಂಬಿ, ಉಜ್ಜಿ, ನುಣ್ಣಗೆ ಮಾಡಲು ಕೈ ಪಳಗಿದ ಕೆಲಸಗಾರ ಬೇಕು, ದಿನಗಟ್ಟಲೆ ಹಿಡಿಯುತ್ತೆ. ಪಾಪ್‌ಕಾರ್ನ್ ಹೊಡೆದರೆ ಎಲ್ಲ ಹುಳುಕೂ ಮುಚ್ಚಿಹೋಗುತ್ತೆ. ನಮ್ಮಪ್ಪ ಅರಸೀಕೆರೆ ಕಡೆ ಗಾರೆ ಮೇಸ್ತ್ರಿ. ನಾನು ಇಲ್ಲಿಂದ ಕಳಿಸಿದ ಫೋಟೊ ನೋಡಿ, "ಇದೇನೋ, ಕರಣೆ ಹಿಡಿಯೋಕೆ ಬರದವನು ಮಾಡಿದ್ದಾ?" ಅಂತ ಕೇಳಿದ್ದರು.

ಆ ಮಾಲಿನಲ್ಲಿ ಬಹಳ ಕಡೆ ಆಸ್ಬೆಸ್ಟಾಸ್ ಬೆರೆಸುತ್ತಿದ್ದರು, ಅಂದರೆ ಕಲ್ನಾರು, ಉಸಿರಲ್ಲಿ ಒಳಗೆ ಹೋದರೆ ಕಾಯಿಲೆ ತರುವ ಕಲ್ಲಿನ ಸಣ್ಣ ಎಳೆ. ಅಮೆರಿಕದ ಪರಿಸರ ಸಂಸ್ಥೆ ಇಪಿಎ 1973ರಲ್ಲಿ ಬೆಂಕಿ ತಡೆಗೆ ಮತ್ತು ಇನ್ಸುಲೇಷನ್‌ಗೆ ಆಸ್ಬೆಸ್ಟಾಸ್ ಸ್ಪ್ರೇ ಮಾಡುವುದನ್ನು ನಿಲ್ಲಿಸಿತು. ಅಲಂಕಾರಕ್ಕೆ ಸ್ಪ್ರೇ ಮಾಡುವುದಕ್ಕೆ ತಡೆ ಬಿದ್ದಿದ್ದು 1978ರಲ್ಲಿ. ಆಗಲೂ ಅಂಗಡಿಯಲ್ಲಿ, ಗೋಡೌನ್‌ನಲ್ಲಿ ಉಳಿದಿದ್ದ ಮೂಟೆಗಳನ್ನು ಖಾಲಿ ಮಾಡಲು ಬಿಟ್ಟರು. ಹಾಗಾಗಿ "ನಮ್ಮ ಮನೆ 1981ರದ್ದು, ತೊಂದರೆ ಇಲ್ಲ" ಅನ್ನುವವರ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ. 80ರ ದಶಕದ ಮಧ್ಯದವರೆಗಿನ ಯಾವ ಮನೆಯಾದರೂ ಟೆಸ್ಟ್ ಮಾಡಿಸದೆ ಕೆರೆಯಬಾರದು.

ಇನ್‌ಸ್ಪೆಕ್ಷನ್ ರಿಪೋರ್ಟ್‌ನಲ್ಲಿ ಏನೂ ಬರೆದಿಲ್ಲ ಅಂದರೆ ಅವರು ನೋಡಿಲ್ಲ ಅಂತ ಅರ್ಥ. ಮನೆ ಕೊಳ್ಳುವಾಗ ಬರುವ ಇನ್‌ಸ್ಪೆಕ್ಟರ್ ಸಾಮಾನ್ಯವಾಗಿ ಆಸ್ಬೆಸ್ಟಾಸ್ ಟೆಸ್ಟ್ ಮಾಡುವುದೇ ಇಲ್ಲ. ಆ ರಿಪೋರ್ಟ್‌ನ ಕೊನೆಯ ಪುಟಗಳಲ್ಲಿ ಚಿಕ್ಕ ಅಕ್ಷರದಲ್ಲಿ ಅದನ್ನೇ ಬರೆದಿರುತ್ತಾರೆ, ಓದಿ ನೋಡಿ. ಮಾರಿದವರೂ ತಮಗೆ ಗೊತ್ತಿದ್ದದ್ದನ್ನಷ್ಟೇ ಹೇಳಬೇಕು. ಅವರು ಟೆಸ್ಟ್ ಮಾಡಿಸಿಯೇ ಇಲ್ಲದಿದ್ದರೆ ಹೇಳೋದಕ್ಕೆ ಏನಿರುತ್ತೆ?

ನೋಡಿ ತಾಯಿ, ನಾನು ಯಾಕೆ ಇಷ್ಟು ಕೂಗಾಡುತ್ತೇನೆ ಅಂದರೆ, 1991ರಲ್ಲಿ ಈ ದೇಶಕ್ಕೆ ಹೊಸದಾಗಿ ಬಂದಾಗ ಒಬ್ಬ ಕಂಟ್ರಾಕ್ಟರ್ ಹತ್ತಿರ ಎರಡು ವರ್ಷ ಇದೇ ಕೆಲಸ ಮಾಡಿದ್ದೇನೆ. ನೀರಿಲ್ಲ, ಪ್ಲಾಸ್ಟಿಕ್ ಇಲ್ಲ. ಬಾಯಿಗೊಂದು ಕರ್ಚೀಫ್ ಕಟ್ಟಿಕೊಂಡು ಒಣ ಸೀಲಿಂಗ್ ಕೆರೆಯುತ್ತಿದ್ದೆವು. ಸಂಜೆ ತಲೆ ಮೇಲೆಲ್ಲ ಬಿಳಿ ಪುಡಿ, ಸತ್ಯನಾರಾಯಣ ಪೂಜೆ ಸಪಾದ ಹುರಿಯುವಾಗ ರವೆ ಚೆಲ್ಲಿಕೊಂಡ ಹಾಗೆ. ಅದೇ ಬಟ್ಟೆಯಲ್ಲಿ ಮನೆಗೆ ಹೋದರೆ ನನ್ನ ಮಗಳು ಓಡಿ ಬಂದು ಕಾಲು ತಬ್ಬಿಕೊಳ್ಳುತ್ತಿದ್ದಳು. ಈ ಎಳೆಗಳಿಂದ ಬರುವ ಕಾಯಿಲೆ ಕಾಣಿಸಿಕೊಳ್ಳಲು 20, 30, ಕೆಲವು ಸಲ 40 ವರ್ಷ ಬೇಕು. ಶ್ವಾಸಕೋಶ ಗಟ್ಟಿಯಾಗುವುದು, ಕ್ಯಾನ್ಸರ್, ಶ್ವಾಸಕೋಶದ ಹೊದಿಕೆಗೆ ಬರುವ ಮೆಸೊಥೆಲಿಯೋಮಾ ಅನ್ನುವ ಕ್ಯಾನ್ಸರ್, ಇವೇ ಆ ಕಾಯಿಲೆಗಳು. ಈಗ ವರ್ಷಕ್ಕೊಮ್ಮೆ ಡಾಕ್ಟರ್ ಹತ್ತಿರ ಹೋಗುತ್ತೇನೆ. "ಇದುವರೆಗೆ ಏನೂ ಇಲ್ಲ" ಅನ್ನುತ್ತಾರೆ. ಆ "ಇದುವರೆಗೆ" ನನ್ನ ಬಗ್ಗೆ ಆದರೆ ಪರವಾಗಿಲ್ಲ. ಮಗಳ ಬಗ್ಗೆ ಯೋಚಿಸಿದರೆ ರಾತ್ರಿ ನಿದ್ದೆ ಬರುವುದಿಲ್ಲ.

ಟೆಸ್ಟ್ ಏನೂ ದೊಡ್ಡ ಕೆಲಸವಲ್ಲ. ತರಬೇತಿ ಆದವರನ್ನು ಕರೆಸಿ ಸ್ಯಾಂಪಲ್ ತೆಗೆಸುವುದು ಒಳ್ಳೆಯದು. ನೀವೇ ತೆಗೆಯುವುದಾದರೆ ಹೀಟರ್, ಫ್ಯಾನ್ ಆಫ್ ಮಾಡಿ. ಮಕ್ಕಳನ್ನು ಹೊರಗೆ ಕಳಿಸಿ. ಕೆಳಗೆ ಪ್ಲಾಸ್ಟಿಕ್ ಹಾಸಿ. ಪಾತ್ರೆ ಸೋಪು ಒಂದೆರಡು ಹನಿ ಬೆರೆಸಿದ ನೀರನ್ನು ಆ ಜಾಗಕ್ಕೆ ಮಂಜಿನ ಹಾಗೆ ಹೊಡೆದು ಚೆನ್ನಾಗಿ ನೆನೆಯಲು ಬಿಡಿ. ಒಂದು ಟೀ ಚಮಚದಷ್ಟು ಮಾಲನ್ನು ಬುಡದವರೆಗೆ ಕೆರೆದು ಜಿಪ್ ಚೀಲಕ್ಕೆ ಹಾಕಿ, ಆ ಚೀಲವನ್ನು ಇನ್ನೊಂದರಲ್ಲಿ ಹಾಕಿ, ಎಲ್ಲಿಯದು ಅಂತ ಬರೆಯಿರಿ. ಕೆರೆದ ಜಾಗವನ್ನು ಒದ್ದೆ ಪೇಪರ್‌ನಿಂದ ಒರೆಸಿ ಮೇಲೆ ಸ್ವಲ್ಪ ಪೇಂಟ್ ಬಳಿಯಿರಿ. ಕಡಿಮೆ ಅಂದರೂ ಮೂರು ಕಡೆಯಿಂದ ತೆಗೆಯಿರಿ. ಆ ಕಾಲದಲ್ಲಿ ಮಾಲನ್ನು ಕೆಲಸದ ಜಾಗದಲ್ಲೇ ಕಲಸುತ್ತಿದ್ದರು. ಒಂದು ಕಡೆ ಇದ್ದದ್ದು ಇನ್ನೊಂದು ಕಡೆ ಇರಬೇಕೆಂದಿಲ್ಲ. ಮಧ್ಯೆ ಯಾವಾಗಲೋ ಸೋರಿ ರಿಪೇರಿ ಮಾಡಿದ ತೇಪೆ ಇದ್ದರೆ ಅದರದ್ದು ಬೇರೆ ಸ್ಯಾಂಪಲ್.

ಬುಡದವರೆಗೆ ಅಂದೆನಲ್ಲ, ಅದನ್ನು ಬಹಳ ಜನ ಬಿಡುತ್ತಾರೆ. ಪಾಪ್‌ಕಾರ್ನ್ ಕೆಳಗೆ ಹಲಗೆಗಳ ಸಂದಿಗೆ ತುಂಬಿದ ಮಡ್, ಪುಟ್ಟಿಯಂಥ ಮೆತ್ತೆ, ಇದೆಯಲ್ಲ, ಅದರಲ್ಲೂ ಆಸ್ಬೆಸ್ಟಾಸ್ ಇರುತ್ತಿತ್ತು. ಅಂಥ ತೇಪೆ ಮಾಲಿನ ಮೇಲೆ ನಿಷೇಧ ಬಂದಿದ್ದು 1977ರಲ್ಲಿ. ಮೇಲಿನದು ಶುದ್ಧ, ಕೆಳಗಿನದು ಅಲ್ಲ ಅನ್ನುವ ಮನೆಗಳೂ ಇವೆ. ಲ್ಯಾಬ್‌ಗೆ ಎನ್‌ವಿಲ್ಯಾಪ್ ಮಾನ್ಯತೆ (ಲ್ಯಾಬ್‌ಗಳನ್ನು ಪರೀಕ್ಷಿಸಿ ಅಮೆರಿಕ ಸರ್ಕಾರ ಕೊಡುವ ಮಾನ್ಯತೆ) ಇದೆಯಾ ಕೇಳಿ. ಒಂದು ಸ್ಯಾಂಪಲ್‌ಗೆ ಸಾಮಾನ್ಯವಾಗಿ 100 ಡಾಲರ್ ಒಳಗೇ ಆಗುತ್ತೆ. ಹತ್ತಾರು ಲಕ್ಷ ಡಾಲರ್ ಕೊಟ್ಟು ಮನೆ ತಗೊಂಡವರು ಇದಕ್ಕೆ ಚೌಕಾಸಿ ಮಾಡುವುದನ್ನು ನೋಡಿದರೆ ನನಗೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ರಿಪೋರ್ಟ್‌ನಲ್ಲಿ ಶೇ. 1ಕ್ಕಿಂತ ಜಾಸ್ತಿ ಅಂದರೆ ಕಾನೂನಿನ ಲೆಕ್ಕದಲ್ಲಿ ಅದು ಆಸ್ಬೆಸ್ಟಾಸ್ ಮಾಲು. ಅದಕ್ಕಿಂತ ಕಡಿಮೆ ಅಂದರೆ ಸೊನ್ನೆ ಅಂತಲ್ಲ. "ಟ್ರೇಸ್", ಅಂದರೆ ಲೇಶ ಮಾತ್ರ ಇದೆ, ಅಂತ ಬಂದರೂ ನಾನು ಕೈ ಹಾಕುವುದಿಲ್ಲ. ಇದು ನನ್ನ ಪುಕ್ಕಲುತನ ಅಂತ ಬೇಕಾದರೆ ಅಂದುಕೊಳ್ಳಿ.

ಇದೆ ಅಂತ ಬಂದರೆ? ಮೊದಲನೆಯ ದಾರಿ, ಸುಮ್ನೆ ಬಿಟ್ಟುಬಿಡುವುದು. ಉದುರದೆ ಗಟ್ಟಿಯಾಗಿ ಕೂತಿದ್ದರೆ, ಯಾರೂ ಕೆದಕದಿದ್ದರೆ, ಅದು ಅಲ್ಲೇ ಇರುತ್ತೆ. ಆದರೆ ಆ ಸೀಲಿಂಗ್‌ಗೆ ತೊಟ್ಟಿಲ ಕೊಕ್ಕೆ ಹಾಕಲು ಡ್ರಿಲ್ ಹಿಡಿಯಬಾರದು. ಮಕ್ಕಳು ಹಾಲ್‌ನಲ್ಲಿ ಚೆಂಡು ಎಸೆಯಬಾರದು. ಎರಡನೆಯದು, ಹೊಸ ಡ್ರೈವಾಲ್ ಹೊದಿಸುವುದು. ಅರ್ಧ ಇಂಚಿನ 4 ಅಡಿ 8 ಅಡಿ ಹಲಗೆ ಒಂದೊಂದೂ ಸುಮಾರು 50 ಪೌಂಡ್ ತೂಗುತ್ತೆ. ಅದನ್ನು ಮೇಲಿನ ಮರದ ತೊಲೆಗಳಿಗೇ ಸ್ಕ್ರೂ ಮಾಡಬೇಕು. ಸ್ಕ್ರೂ ಹೋಗುವ ಜಾಗ ಒದ್ದೆ ಇರಬೇಕು, ಮಾಡುವವರಿಗೆ ಇದರ ತರಬೇತಿ ಇರಬೇಕು. ಮನೆ ಮಾರುವಾಗ ಒಳಗೆ ಏನಿದೆ ಅಂತ ಹೇಳಲೇಬೇಕು. ಮೂರನೆಯದು, ಲೈಸೆನ್ಸ್ ಇರುವ ಆಸ್ಬೆಸ್ಟಾಸ್ ತಂಡದಿಂದ ತೆಗೆಸುವುದು. ಟೆಸ್ಟ್ ಮಾಡಿದವರೂ ತೆಗೆಯುವವರೂ ಒಂದೇ ಕಂಪನಿ ಆಗಬಾರದು. ಕೆಲಸ ಮುಗಿದ ಮೇಲೆ ಗಾಳಿ ಟೆಸ್ಟ್ ಮಾಡುವವರು ಮೂರನೆಯವರಾಗಿರಲಿ. ನಿಮ್ಮ ಸ್ವಂತ ಮನೆಯಲ್ಲಿ ನೀವೇ ತೆಗೆಯಲು ಕೆಲವು ಕಡೆ ಕಾನೂನು ಬಿಡುತ್ತೆ. ಬಿಡುತ್ತೆ ಅಂತ ಮಾಡಬೇಡಿ.

ಇಲ್ಲ ಅಂತ ಬಂದರೆ, ಈಗ ನಿಮ್ಮ ಸ್ಕ್ರೇಪರ್. 8 ಅಥವಾ 10 ಇಂಚಿನ ಡ್ರೈವಾಲ್ ನೈಫ್ ಸಾಕು. ಅದರ ಎರಡೂ ಮೂಲೆಯನ್ನು ಅರದಿಂದ ಉಜ್ಜಿ ದುಂಡಗೆ ಮಾಡಿ, ಇಲ್ಲದಿದ್ದರೆ ಹಲಗೆಯ ಕಾಗದ ಸೀಳುತ್ತೆ. ಔಷಧಿ ಹೊಡೆಯುವ ಪಂಪ್‌ನಿಂದ ಬೆಚ್ಚಗಿನ ನೀರನ್ನು ಒಂದು ಸಲಕ್ಕೆ 4 ಅಡಿ ಚೌಕಕ್ಕಷ್ಟೇ ಹೊಡೆದು 10-15 ನಿಮಿಷ ಬಿಡಿ. ಮಾಲು ತಣ್ಣಗಾದ ಉಪ್ಪಿಟ್ಟಿನ ಹಾಗೆ ಎದ್ದು ಬಂದರೆ ಹದ ಸರಿ. ಅಂಬಲಿಯಾದರೆ ನೀರು ಜಾಸ್ತಿ, ಕೆಳಗಿನ ಕಾಗದವೂ ನೆನೆದು ಎದ್ದು ಬರುತ್ತೆ. ಮೇಲೆ ಪೇಂಟ್ ಬಳಿದಿದ್ದರೆ ನೀರು ಇಳಿಯುವುದೇ ಇಲ್ಲ. ಆಗ ಕೆರೆಯುವ ಹಟ ಬಿಟ್ಟು ಹಲಗೆ ಹೊದಿಸಿ. ಇನ್ನೊಂದು, ಹಾಗೆ ಪೇಂಟ್ ಬಳಿದ 1978ಕ್ಕಿಂತ ಮುಂಚಿನ ಮನೆಯಾದರೆ ಪೇಂಟ್‌ನಲ್ಲಿ ಸೀಸ ಇದೆಯಾ ಅಂತಲೂ ನೋಡಿಸಿ.

ನಿಮ್ಮ ಸ್ನೇಹಿತರು ಒಂದೇ ವೀಕೆಂಡ್‌ನಲ್ಲಿ ಮುಗಿಸಿದರು ಅಂದಿರಿ. ಅವರ ಮನೆಗೆ ಸಂಜೆ ಹೊತ್ತು ಹೋಗಿ ಕಿಟಕಿಯಿಂದ ಓರೆ ಬಿಸಿಲು ಬೀಳುವಾಗ ಸೀಲಿಂಗ್ ನೋಡಿ. ಒಂದೊಂದು ಸಂದೂ, ಒಂದೊಂದು ಸ್ಕ್ರೂ ತಲೆಯೂ ಎದ್ದು ಕಾಣುತ್ತೆ. ಬಿಲ್ಡರ್ ಮುಚ್ಚಿಟ್ಟ ಹುಳುಕು ಪಾಪ್‌ಕಾರ್ನ್ ಹೋದ ಮೇಲೆ ನಿಮ್ಮ ತಲೆ ಮೇಲೆ ಬಂತು. ಕೆರೆಯುವುದು ಕಾಲು ಭಾಗ ಕೆಲಸ. ಸಂದಿನ ಮೇಲೆ ಅಂಟಿಸಿದ ಟೇಪ್ ರಿಪೇರಿ, ಇಡೀ ಸೀಲಿಂಗ್‌ಗೆ ಎರಡು ಸಲ ತೆಳ್ಳಗೆ ಮಡ್ ಎಳೆಯುವುದು, ಉಜ್ಜುವುದು, ಪ್ರೈಮರ್, ಹೊಳಪಿಲ್ಲದ ಪೇಂಟ್, ಇದೆಲ್ಲ ಉಳಿದ ಮುಕ್ಕಾಲು. ತಲೆ ಮೇಲೆ ಕೈ ಎತ್ತಿ ಮಡ್ ಎಳೆಯುವುದನ್ನು ನಾಲ್ಕು ದಿನದಲ್ಲಿ ಕಲಿಯಲು ಆಗುವುದಿಲ್ಲ. ಕೆರೆಯುವುದು ನೀವು ಮಾಡಿ, ಮಡ್ ಕೆಲಸಕ್ಕೆ ಕೈ ಪಳಗಿದವರನ್ನು ಕರೆಯಿರಿ. ಗೃಹಪ್ರವೇಶದ ಹೋಮದ ಹೊಗೆ ಹೊಸ ಪೇಂಟ್ ಮೇಲೆ ಕೂರದಂತೆ ಕಿಟಕಿ ತೆಗೆದಿಡಿ, ಅಷ್ಟೇ.

ಇನ್ನು ಉಳಿದವರ ಪ್ರಶ್ನೆಗಳು. ನಮ್ಮ ವಾಟ್ಸಾಪ್ ಗ್ರೂಪ್‌ನಲ್ಲಿ ಒಬ್ಬ ಹ್ಯಾಂಡಿಮ್ಯಾನ್ ನಂಬರ್ ಕೊಟ್ಟರು. ಅವನು ಕಣ್ಣಲ್ಲೇ ನೋಡಿ ಆಸ್ಬೆಸ್ಟಾಸ್ ಇಲ್ಲ ಅಂದ. ನಂಬಬಹುದಾ?

ಆ ಎಳೆ ನೋಡಲು ಲ್ಯಾಬ್‌ನವರಿಗೇ ಸೂಕ್ಷ್ಮದರ್ಶಕ ಬೇಕು. ಇವನ ಕಣ್ಣು ಏನು ದುರ್ಬೀನಾ? ಬೆಂಕಿಕಡ್ಡಿ ಗೀರಿ ಸುಟ್ಟು ನೋಡುವವರೂ ಇದ್ದಾರೆ. ಆಸ್ಬೆಸ್ಟಾಸ್ ಸುಡುವುದಿಲ್ಲ ನಿಜ, ಜಿಪ್ಸಮ್ ಕೂಡ ಸುಡುವುದಿಲ್ಲ. ನಂಬರ್ ಅಳಿಸಿಹಾಕಿ.

ನೀರಿಗೆ ವಿನೆಗರ್ ಹಾಕಿದರೆ ಆಸ್ಬೆಸ್ಟಾಸ್ ಸಾಯುತ್ತೆ ಅಂತ ವೀಡಿಯೊದಲ್ಲಿ ನೋಡಿದೆ.

ಅದು ಕಲ್ಲು. ಸಾಯಲು ಅದಕ್ಕೆ ಜೀವ ಎಲ್ಲಿದೆ?

ಕೋವಿಡ್ ಸಮಯದ ಎನ್95 ಮಾಸ್ಕ್ ಒಂದು ಡಬ್ಬಿ ಉಳಿದಿದೆ. ಸಾಕಾ?

ಆಸ್ಬೆಸ್ಟಾಸ್‌ಗೆ ಸಾಕಾಗುವುದಿಲ್ಲ. ಅದಕ್ಕೆ ಪಿ100 ಫಿಲ್ಟರ್ ಇರುವ ರಬ್ಬರ್ ಮಾಸ್ಕ್ ಬೇಕು, ಗಡ್ಡ ಇದ್ದರೆ ಅದೂ ಮುಖಕ್ಕೆ ಸರಿಯಾಗಿ ಕೂರುವುದಿಲ್ಲ. ನಿಮ್ಮ ಎನ್95 ಅನ್ನು ಆಸ್ಬೆಸ್ಟಾಸ್ ಇಲ್ಲ ಅಂತ ರಿಪೋರ್ಟ್ ಬಂದ ಮನೆಯಲ್ಲಿ ಧೂಳಿಗೆ ಹಾಕಿಕೊಳ್ಳಿ.

ಊರಲ್ಲಿ ನಮ್ಮ ತಾತ ಶೀಟಿನ ಮನೆಯಲ್ಲೇ ಇದ್ದು 90 ದಾಟಿದರು. ನೀವು ಸುಮ್ನೆ ಹೆದರಿಸುತ್ತಿದ್ದೀರಿ ಅಲ್ವಾ?

ತಾತನವರಿಗೆ ನಮಸ್ಕಾರ. ಶೀಟಿನಲ್ಲಿ ಎಳೆ ಸಿಮೆಂಟ್ ಜೊತೆ ಗಟ್ಟಿಯಾಗಿ ಕಟ್ಟಿಕೊಂಡಿರುತ್ತೆ. ಪಾಪ್‌ಕಾರ್ನ್ ಬೆರಳಲ್ಲಿ ಹಿಸುಕಿದರೆ ಪುಡಿ. ಎರಡೂ ಒಂದೇ ಅಲ್ಲ. ಹಾಗಂತ ಶೀಟನ್ನು ಗರಗಸದಿಂದ ಕೊಯ್ಯುವಾಗ ಪಕ್ಕ ನಿಲ್ಲಬೇಡಿ, ಬಿರುಕು ಬಿಟ್ಟ ಶೀಟನ್ನು ಒಡೆದು ಹಿತ್ತಲಿಗೆ ಹಾಕಬೇಡಿ.

ಬೆಂಗಳೂರಿನ ನಮ್ಮ ಫ್ಲಾಟ್‌ನಲ್ಲೂ ಸೀಲಿಂಗ್ ಪಾಪ್‌ಕಾರ್ನ್ ತರಹ ಎದ್ದಿದೆ. ಹೇಗೆ ಕೆರೆಯುವುದು?

ಅದು ಮೇಲಿನ ಮನೆಯ ಬಾತ್‌ರೂಮ್ ಸೋರಿ ಎದ್ದ ಹಕ್ಕಳೆ. ಮೇಲಿನವರ ಬಾಗಿಲು ತಟ್ಟಿ.

ಉಬ್ಬುತಗ್ಗು ಸೀಲಿಂಗ್ ವಾಸ್ತು ದೋಷವಾ?

ಮುಂದಿನ ಪ್ರಶ್ನೆ.

ನಿಮ್ಮ ಹಳೆಯ ಉತ್ತರ ಓದುವ ಮುಂಚೆಯೇ ಒಂದು ಬೆಡ್‌ರೂಮ್ ಒಣದಾಗಿಯೇ ಕೆರೆದು, ವ್ಯಾಕ್ಯೂಮ್ ಮಾಡಿಬಿಟ್ಟೆವು. ಮನೆ 1976ರದ್ದು. ಮೂಲೆಯಲ್ಲಿ ಸ್ವಲ್ಪ ಉಳಿದಿದೆ. ತುಂಬ ಭಯವಾಗುತ್ತಿದೆ.

ಮೊದಲು ಭಯ ಬಿಡಿ. ಈ ಕಾಯಿಲೆ ಹೆಚ್ಚಾಗಿ ವರ್ಷಗಟ್ಟಲೆ ಆ ಧೂಳಿನಲ್ಲೇ ಕೆಲಸ ಮಾಡಿದವರಿಗೆ ಬರುವಂಥದ್ದು. ಒಂದು ದಿನದ ಕೆಲಸದಿಂದ ಅಪಾಯ ಚಿಕ್ಕದು. ಆದರೂ ನಿಮ್ಮ ಡಾಕ್ಟರ್‌ಗೆ ಹೇಳಿ, ಫೈಲ್‌ನಲ್ಲಿ ಬರೆದಿಡಲಿ.

ಈಗಲೇ ಆ ರೂಮಿನ ಬಾಗಿಲು ಮುಚ್ಚಿ, ಸಂದಿಗೆ ಟೇಪ್ ಹಚ್ಚಿ. ಹೀಟರ್ ಆಫ್ ಮಾಡಿ, ಆ ರೂಮಿನ ಗಾಳಿ ಕಿಂಡಿಗೂ ಪ್ಲಾಸ್ಟಿಕ್ ಮುಚ್ಚಿ. ಇನ್ನು ಗುಡಿಸಬೇಡಿ. ಮನೆಯ ಮಾಮೂಲಿ ವ್ಯಾಕ್ಯೂಮ್ ಈ ಎಳೆಯನ್ನು ಹಿಡಿಯುವುದಿಲ್ಲ, ಹಿಂದಿನಿಂದ ಮನೆಗೆಲ್ಲ ಊದುತ್ತೆ. ಅದನ್ನು ಬಿಚ್ಚಿ ಕ್ಲೀನ್ ಮಾಡಲೂ ಹೋಗಬೇಡಿ. ಹಾಗೇ ದೊಡ್ಡ ಚೀಲಕ್ಕೆ ಹಾಕಿ ಬಾಯಿ ಕಟ್ಟಿಡಿ. ಅವತ್ತು ಹಾಕಿಕೊಂಡಿದ್ದ ಬಟ್ಟೆಯನ್ನು ಒಗೆಯದೆ ಒದ್ದೆ ಮಾಡಿ ಇನ್ನೊಂದು ಚೀಲಕ್ಕೆ ಹಾಕಿ. ಆಮೇಲೆ ಆಸ್ಬೆಸ್ಟಾಸ್ ಲೈಸೆನ್ಸ್ ಇರುವವರಿಗೆ ಫೋನ್ ಮಾಡಿ.

ಮೂಲೆಯಲ್ಲಿ ಉಳಿದಿರುವುದನ್ನು ಮಾತ್ರ ಹಾಗೇ ಬಿಡಿ. ಅವರಿಗೆ ಸ್ಯಾಂಪಲ್‌ಗೆ ಅದು ಬೇಕು.