ಎಕ್ಸೆಲ್‌ನಲ್ಲಿ ಸಮ್ ಸೊನ್ನೆ ಬರ್ತಿದ್ರೆ

ಮಂಡ್ಯದ ಬೆಲ್ಲದ ಮಂಡಿ ಲೆಕ್ಕ ಎಕ್ಸೆಲ್‌ಗೆ ಹಾಕಿದ್ರೆ ಸಮ್ (ಮೊತ್ತ ಕೂಡೋ ಫಾರ್ಮುಲಾ) ಸೊನ್ನೆ ತೋರಿಸುತ್ತೆ, ಪಾರ್ಟಿವಾರು ಬಾಕಿನೂ ತಾಳೆ ಆಗಲ್ಲ ಅಂದ್ರಲ್ಲ, ಫಾರ್ಮುಲಾ ಸರಿಯಾಗೇ ಇದೆ ಸರ್. ಬೇರೆ ಸಾಫ್ಟ್‌ವೇರಿಂದ ತಂದ ಅಂಕಿಗಳು ಟೆಕ್ಸ್ಟ್ ಆಗಿ, ಅಂದ್ರೆ ಬರೀ ಅಕ್ಷರಗಳ ಹಾಗೆ ಕೂತಿವೆ, ಅದಕ್ಕೇ ಸಮ್ ಅವನ್ನ ಕೂಡಲ್ಲ. ಸೆಲ್‌ನ ಎಡಕ್ಕೆ ಅಂಟಿಕೊಂಡಿರುತ್ತವೆ ನೋಡಿ. ಆ ಕಾಲಂ ಸೆಲೆಕ್ಟ್ ಮಾಡಿ, ಡೇಟಾ ಟ್ಯಾಬ್‌ನಲ್ಲಿ ಟೆಕ್ಸ್ಟ್ ಟು ಕಾಲಮ್ಸ್ ಒತ್ತಿ, ನೇರ ಫಿನಿಶ್ ಕೊಡಿ. ಬರೀ ಫಾರ್ಮ್ಯಾಟನ್ನ ನಂಬರ್ ಅಂತ ಬದಲಾಯಿಸಿದ್ರೆ ಆಗಲ್ಲ, ಸುಮಾರು ಜನ ಎಡವೋದು ಇಲ್ಲೇ. ಆಮೇಲೂ ಸೊನ್ನೆನೇ ಬಂದ್ರೆ ಅಂಕಿ ಹಿಂದೆ ಕಾಣದ ಸ್ಪೇಸ್ ಇರಬಹುದು: ಆ ಸ್ಪೇಸನ್ನ ಮಾತ್ರ ಕಾಪಿ ಮಾಡಿ, ಕಂಟ್ರೋಲ್ ಎಚ್ ಒತ್ತಿ, ಫೈಂಡ್‌ನಲ್ಲಿ ಪೇಸ್ಟ್ ಮಾಡಿ, ರಿಪ್ಲೇಸ್ ಖಾಲಿ ಬಿಟ್ಟು ರಿಪ್ಲೇಸ್ ಆಲ್ ಕೊಡಿ.

ಪಾರ್ಟಿವಾರು ಬಾಕಿ ತಾಳೆ ಆಗದಿರೋದು ಬೇರೆ ಕತೆ. ‘ಶಿವಣ್ಣ’, ‘ಶಿವಣ್ಣ.’ ಇವೆರಡರಲ್ಲಿ ಒಂದು ಚುಕ್ಕಿಯಷ್ಟೇ ವ್ಯತ್ಯಾಸ, ಆದ್ರೂ ಸಮ್‌ಇಫ್‌ಗೆ (ಹೆಸರು ಹೊಂದಿದ ಸಾಲುಗಳನ್ನಷ್ಟೇ ಕೂಡೋ ಫಾರ್ಮುಲಾ) ಬೇರೆ ಬೇರೆ ಪಾರ್ಟಿ. ಇನ್ನೊಂದು ಶೀಟಲ್ಲಿ ಪ್ರತಿ ಪಾರ್ಟಿಗೂ ಒಂದು ಕೋಡ್ ಕೊಟ್ಟು, ಎಂಟ್ರಿ ಕಾಲಂಗೆ ಡೇಟಾ ವ್ಯಾಲಿಡೇಶನ್‌ನಲ್ಲಿ (ಸೆಲ್‌ಗೆ ಏನು ಹಾಕಬಹುದು ಅಂತ ಕಟ್ಟುಪಾಡು ಹಾಕೋ ಸೌಲಭ್ಯ) ಆ ಕೋಡ್‌ಗಳ ಲಿಸ್ಟ್ ಹಾಕಿ. ಮುಂದೆ ಆಕ್ಸೆಸ್ (ಮೈಕ್ರೋಸಾಫ್ಟ್‌ನ ಡೇಟಾಬೇಸ್ ಸಾಫ್ಟ್‌ವೇರ್) ಕಲಿಯುವಾಗ ಅದೇ ಕೋಡ್ ಪ್ರೈಮರಿ ಕೀ, ಅಂದ್ರೆ ಪ್ರತಿ ಪಾರ್ಟಿಯನ್ನ ಬೇರೆ ಅಂತ ಗುರುತಿಸೋ ಗುರುತು ಆಗುತ್ತೆ.