ಇಂಗ್ಲಿಷ್ ಮಾತು ಅರ್ಧಕ್ಕೇ ನಿಲ್ಲುತ್ತದೆ ಎಂದವರಿಗೆ

"ಓದಿದರೆ ಅರ್ಥವಾಗುತ್ತದೆ, ಬೇರೆಯವರ ಮಾತೂ ತಿಳಿಯುತ್ತದೆ, ನಾನು ಬಾಯಿ ತೆರೆದರೆ ಮಾತ್ರ ಎರಡನೇ ವಾಕ್ಯಕ್ಕೇ ನಿಂತುಹೋಗುತ್ತದೆ" ಎಂದಿದ್ದೀರಿ. ಇನ್ನೊಂದು ವ್ಯಾಕರಣ ಪುಸ್ತಕ ಕೊಳ್ಳಲೇ ಎಂದೂ ಕೇಳಿದ್ದೀರಿ. ಬೇಡ. ನಾನೂ ಹಾಗೆಯೇ ಪುಸ್ತಕ ಗುಡ್ಡೆ ಹಾಕಿಕೊಂಡು ಕೂತಿದ್ದವನು.

ತಡವರಿಸಲು ಒಂದು ದೊಡ್ಡ ಕಾರಣ ವಾಕ್ಯದ ಜೋಡಣೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ: "ನಾನು ನಿನ್ನೆ ಅವನಿಗೆ ಪುಸ್ತಕ ಕೊಟ್ಟೆ." ಇಂಗ್ಲಿಷಿನಲ್ಲಿ "ಐ ಗೇವ್" ಮೊದಲೇ ಬಂದುಬಿಡಬೇಕು. ಕನ್ನಡದಲ್ಲಿ ಯೋಚಿಸಿ ತಿರುಗಿಸಲು ಹೋದರೆ, ವಾಕ್ಯವೆಲ್ಲ ತಲೆಯಲ್ಲಿ ತಯಾರಾಗುವ ತನಕ ಬಾಯಿ ಕಾಯಬೇಕಾಗುತ್ತದೆ. ಅದಕ್ಕೇ ಮೊದಲು ಆ ಎರಡು ಪದ ಹೊರಗೆ ಹಾಕಿಬಿಡಿ. "ಐ ಗೇವ್..." ಯಾರಿಗೆ? "ಹಿಮ್." ಏನು? "ಎ ಬುಕ್." ಯಾವಾಗ? "ಯೆಸ್ಟರ್‌ಡೇ." ಹೀಗೆ ನಿಮ್ಮನ್ನೇ ಕೇಳಿಕೊಳ್ಳುತ್ತಾ ಬಾಲ ಜೋಡಿಸುತ್ತಾ ಹೋಗುವುದು. ಮೊದಮೊದಲು ಮಕ್ಕಳಾಟ ಅನ್ನಿಸುತ್ತದೆ, ಪರವಾಗಿಲ್ಲ.

ಇದರ ಜೊತೆಗೆ ನಾಲ್ಕು-ಮೂರು-ಎರಡು ಮಾಡಿ. ಇಂಗ್ಲಿಷ್ ಕಲಿಸುವವರು 1980ರ ದಶಕದಿಂದ ಬಳಸುತ್ತಿರುವ ಅಭ್ಯಾಸ ಇದು. ಒಂದು ಸುಲಭ ವಿಷಯ ಹಿಡಿದು 4 ನಿಮಿಷ ಮಾತಾಡಿ. ನಿನ್ನೆ ಏನೇನು ಮಾಡಿದಿರಿ ಎನ್ನುವುದೇ ಸಾಕು. ಅದನ್ನೇ ಮತ್ತೆ 3 ನಿಮಿಷದಲ್ಲಿ, ಆಮೇಲೆ 2 ನಿಮಿಷದಲ್ಲಿ ಹೇಳಿ. ಮೂರನೇ ಸಲಕ್ಕೆ ಏನು ಹೇಳಲಿ ಎಂಬ ಚಿಂತೆ ಇರುವುದಿಲ್ಲ, ಪದಗಳೂ ಅರ್ಧ ನಾಲಿಗೆ ಮೇಲೇ ಇರುತ್ತವೆ. ಪ್ರತಿ ಸಲ ಬೇರೆ ಬೇರೆಯವರು ಕೇಳಲು ಸಿಕ್ಕರೆ ಒಳ್ಳೆಯದು. ಇಲ್ಲವೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ದಿನಕ್ಕೊಂದು ಹೊಸ ವಿಷಯ ಬೇಡ, ಅದನ್ನೇ ಎರಡು ಮೂರು ದಿನ ಉಜ್ಜಿ. ಬೇಜಾರಾಗುತ್ತದೆ, ಗೊತ್ತು.

ರೆಕಾರ್ಡ್ ಕೇಳುವಾಗ ಎಲ್ಲ ತಪ್ಪು ಹೆಕ್ಕುತ್ತಾ ಕೂರಬೇಡಿ. ಎಲ್ಲಿ ನಿಂತಿರಿ, ಅಷ್ಟು ಮಾತ್ರ ಗುರುತು ಹಾಕಿ. ಆ ಜಾಗಕ್ಕೆ ಬೇಕಾದ ಪದಗಳನ್ನು ಗೊಂಚಲಾಗಿಯೇ ಕಲಿಯಿರಿ. ಬರೀ "ಡಿಪೆಂಡ್" ಅಲ್ಲ, "ಇಟ್ ಡಿಪೆಂಡ್ಸ್ ಆನ್". ಯೋಚಿಸಲು ಹೊತ್ತು ಬೇಕಾದರೆ "ಲೆಟ್ ಮಿ ಥಿಂಕ್" ಎನ್ನಿ. ಸುಮ್ನೆ "ಆಂ... ಆಂ..." ಎನ್ನುವುದಕ್ಕಿಂತ ವಾಸಿ, ಅಲ್ವಾ?

ಉಚ್ಚಾರಣೆಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. "ಎಗ್" ನಮ್ಮ ಬಾಯಲ್ಲಿ "ಯೆಗ್" ಆದರೆ ಯಾರಿಗೂ ಅರ್ಥ ಕೆಡುವುದಿಲ್ಲ. ಒತ್ತು ಮಾತ್ರ ಗಮನಿಸಿ. "ರೆಕಾರ್ಡ್" ನಾಮಪದವಾದರೆ ಒತ್ತು ಮೊದಲ ಭಾಗಕ್ಕೆ, ಕ್ರಿಯಾಪದವಾದರೆ ಎರಡನೆಯದಕ್ಕೆ.

ಒಂದು ವಾರ ಮಾಡಿ, ಎಲ್ಲೆಲ್ಲಿ ಸಿಕ್ಕಿಹಾಕಿಕೊಂಡಿರಿ ಎಂದು ಇಲ್ಲೇ ಬರೆಯಿರಿ. ಆ ಜಾಗಗಳಿಗೆ ಯಾವ ಗೊಂಚಲು ಹೊಂದುತ್ತದೆ ಎಂದು ನೋಡೋಣ.