ರೈಲಿಗೆಂದು ಅಗೆದರೆ ಹಡಗು ಸಿಕ್ಕವು

ಪತ್ರ: ಇಸ್ತಾಂಬುಲ್‌ನ ಸುರಂಗ ರೈಲಿನ ಬಗ್ಗೆ ನಿಮ್ಮ ಲೇಖನ ಓದಿದೆ. ನಾನು ಲೋಕೋಪಯೋಗಿ ಇಲಾಖೆಯಲ್ಲಿ ದುಡಿದವನು. ಅಗೆಯುವಾಗ ಸಿಕ್ಕ ಹಳೇ ಹಡಗುಗಳ ಕೊಳೆತ ದಿಮ್ಮಿಗಳಿಗೋಸ್ಕರ ಅಷ್ಟು ದೊಡ್ಡ ಕೆಲಸವನ್ನು ವರ್ಷಗಟ್ಟಲೆ ತಡೆದದ್ದು ಯಾವ ಜಾಣತನ?
– ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ: ಸರ್, ನಿಮ್ಮ ಸಿಟ್ಟಿಗೆ ದೊಡ್ಡವರ ಬೆಂಬಲವೇ ಇದೆ. ಆಗ ಟರ್ಕಿಯ ಪ್ರಧಾನಿಯಾಗಿದ್ದ ಎರ್ಡೊಗಾನ್ ಕೂಡ ಮಡಕೆ-ಕುಡಿಕೆಗಳಿಂದಾಗಿ ರೈಲು ತಡವಾಯಿತು ಎಂದು ಎಲ್ಲರೆದುರೇ ಗೊಣಗಿದ್ದರು. 2009ಕ್ಕೆ ಓಡಬೇಕಿದ್ದ ರೈಲು ಓಡಿದ್ದು 2013ರ ಅಕ್ಟೋಬರ್‌ನಲ್ಲಿ.

ಆದರೆ ಆ ಮರ ಕೊಳೆತಿರಲಿಲ್ಲ. ಬೆರಗಿರುವುದೇ ಅಲ್ಲಿ. ರೈಲಿಗೆಂದು ಅಗೆದ ಯೆನಿಕಾಪಿ ಎಂಬ ಜಾಗದಲ್ಲಿ 4ನೇ ಶತಮಾನದ ಕೊನೆಗೆ ರೋಮನ್ ದೊರೆ ಥಿಯೊಡೋಸಿಯಸ್ ಕಟ್ಟಿಸಿದ ಬಂದರು ಇತ್ತು. ಲೈಕಸ್ ಎಂಬ ತೊರೆ ವರ್ಷವರ್ಷವೂ ಹೂಳು ತಂದು ಸುರಿಯಿತು. ಬಂದರು ತುಂಬಿ ನೆಲವಾಯಿತು. ಆಮೇಲೆ ಜನ ಅಲ್ಲಿ ತರಕಾರಿ ಬೆಳೆದರು! ಆ ಕೆಸರಿನೊಳಗೆ ಗಾಳಿ ಆಡಲಿಲ್ಲ, ಹಾಗಾಗಿ ಮುಳುಗಿದ ಹಡಗುಗಳ ಮರ ಉಳಿಯಿತು.

2004ರಿಂದ ಅಗೆದಾಗ ಸಿಕ್ಕಿದ್ದು ಒಂದೆರಡಲ್ಲ, 37 ಹಡಗು. ಅದರಲ್ಲೊಂದು 9ನೇ ಶತಮಾನದ ಸರಕಿನ ದೋಣಿ. ಹಿಂಭಾಗದಲ್ಲಿ ನಾವಿಕನ ಸಾಮಾನಿಗೆಂದು ಪುಟ್ಟ ಗೂಡು. ಅದರೊಳಗಿನ ಬುಟ್ಟಿಯಲ್ಲಿ ಚೆರ್ರಿ ಬೀಜಗಳಿದ್ದವು. ದೊರೆಗಳ ಚರಿತ್ರೆ ಬರೆದವರು ಆ ನಾವಿಕ ಏನು ತಿನ್ನುತ್ತಿದ್ದ ಅಂತ ಬರೆದಿಡುತ್ತಾರಾ? ನನಗಂತೂ ಕಿರೀಟ ಸಿಕ್ಕಿದ್ದಕ್ಕಿಂತ ಇದೇ ಜಾಸ್ತಿ ಖುಷಿ.

ಇನ್ನೂ ಕೆಳಗೆ ಹೋದರೆ, ಸುಮಾರು 8,000 ವರ್ಷ ಹಿಂದಿನ ಸಮಾಧಿಗಳು ಮತ್ತು ಜೇಡಿಮಣ್ಣಿನಲ್ಲಿ ಅಚ್ಚೊತ್ತಿದ ಮನುಷ್ಯರ ನೂರಾರು ಹೆಜ್ಜೆಗುರುತು. ಆಗ ಕಡಲು ಇಷ್ಟು ಮೇಲೆ ಬಂದಿರಲಿಲ್ಲ. ಜನ ಅಲ್ಲಿ ಓಡಾಡಿಕೊಂಡಿದ್ದರು. ಇಸ್ತಾಂಬುಲ್‌ಗೆ 2,700 ವರ್ಷ ಎನ್ನುವ ಹಳೇ ಲೆಕ್ಕ ಅಲ್ಲಿಗೆ ತಲೆಕೆಳಗಾಯಿತು.

ರೈಲು ಬೇಕೋ ಚರಿತ್ರೆ ಬೇಕೋ ಎಂಬ ಜಗಳ ಇಲ್ಲಿ ನನಗೆ ಕಾಣುವುದಿಲ್ಲ ಸರ್. ಅಂಥ ಜನನಿಬಿಡ ಊರಿನ ನಡುವೆ ಸುಮ್ನೆ ಹಡಗು ಹುಡುಕಲು ಅಷ್ಟು ದೊಡ್ಡ ಗುಂಡಿ ತೋಡಲು ಯಾರು ದುಡ್ಡು ಕೊಡುತ್ತಿದ್ದರು? ರೈಲಿಗೆಂದು ಅಗೆದಿದ್ದಕ್ಕೇ ಅವು ಸಿಕ್ಕಿದ್ದು. ಸಿಕ್ಕ ಮೇಲೆ ನಾಲ್ಕು ವರ್ಷ ಕಾದದ್ದು ನನ್ನ ಲೆಕ್ಕದಲ್ಲಿ ಅಗ್ಗವೇ.

ನೀವು ಇಂಜಿನಿಯರ್ ಆದ್ದರಿಂದ ಇನ್ನೊಂದು ವಿಷಯ. ಆ ಮರ ಒಣಗಿದರೆ ಸೊರಗಿ ಸೀಳಿಬಿಡುತ್ತದೆ. ಅದಕ್ಕೇ ಒಂದೊಂದು ತುಂಡನ್ನೂ ನೀರಿನ ತೊಟ್ಟಿಯಲ್ಲಿಟ್ಟು, ಆಮೇಲೆ ಮೇಣದಂಥ ರಾಸಾಯನಿಕವನ್ನು ನಿಧಾನವಾಗಿ ಒಳಗಿಳಿಸುತ್ತಾರೆ. ರೈಲು ಓಡತೊಡಗಿದ ಮೇಲೂ ಇಸ್ತಾಂಬುಲ್ ವಿಶ್ವವಿದ್ಯಾಲಯದಲ್ಲಿ ಈ ಕೆಲಸ ವರ್ಷಗಟ್ಟಲೆ ನಡೆಯಿತು.